ಹಿತ್ತಲಿಗೊಂದು ಎಕ್ಕದ ಗಿಡ

ಕೇಳುಗರೆಲ್ಲರಿಗೂ ನಮಸ್ಕಾರ.

ರಥಸಪ್ತಮಿಯ ದಿನ ತಲೆ, ಭುಜದ ಮೇಲೆ ಎಕ್ಕದ ಎಲೆ ಇಟ್ಟುಕೊಂಡು ಸ್ನಾನ ಮಾಡುತ್ತೇವೆ. ಶನಿವಾರ ಆಂಜನೇಯನಿಗೆ ಎಕ್ಕದ ಹೂವಿನ ಹಾರ ಹಾಕುತ್ತೇವೆ. ಅದೇ ಗಿಡ ಅಂಗಳದಲ್ಲಿ ತಾನಾಗಿ ಹುಟ್ಟಿದರೆ ಮಾತ್ರ ಕಿತ್ತು ಬಿಸಾಡುತ್ತೇವೆ. 'ನಿನ್ನ ಮನೆ ಎಕ್ಕ ಹುಟ್ಟಿ ಹೋಗ' ಅಂತ ಬೈಗುಳವೇ ಇದೆಯಲ್ಲ! ಪಾಳುಬಿದ್ದ ಜಾಗದಲ್ಲಿ ಚೆನ್ನಾಗಿ ಏಳುವ ಗಿಡ, ಅದಕ್ಕೇ ಈ ಕೆಟ್ಟ ಹೆಸರು. ಆದರೂ ನಾನು ಹೇಳುವುದು, ಹಿತ್ತಲಲ್ಲಿ ಬಿಸಿಲು ಬೀಳುವ ಒಂದು ಮೂಲೆ ಇದ್ದರೆ ಅಲ್ಲಿ ಎಕ್ಕ ಬೆಳೆಸಿ.

ಮೊದಲು ಗುರುತು ಹಿಡಿಯೋಣ. ಎಲೆ ದಪ್ಪ, ಅಗಲ, ಹೆಚ್ಚುಕಡಿಮೆ ತೊಟ್ಟೇ ಇಲ್ಲದೆ ಎದುರುಬದುರಾಗಿ ಕಾಂಡಕ್ಕೆ ಅಂಟಿಕೊಂಡಿರುತ್ತದೆ. ಎಲೆಯ ಅಡಿಭಾಗ ಸವರಿದರೆ ಬೆರಳಿಗೆ ಬಿಳಿ ಹುಡಿ ಹತ್ತುತ್ತದೆ. ಎಲ್ಲಿ ಮುರಿದರೂ ಹಾಲು ಸುರಿಯುತ್ತದೆ. ನಮ್ಮಲ್ಲಿ ಎರಡು ಜಾತಿಯ ಎಕ್ಕ ಇವೆ. ಮೊಗ್ಗು ಉದ್ದಕ್ಕೆ ಚೂಪಾಗಿದ್ದು, ಅರಳಿದ ಮೇಲೆ ಎಸಳು ಹೊರಕ್ಕೆ ಬಾಗಿದ್ದರೆ ಅದು ಕ್ಯಾಲೋಟ್ರೋಪಿಸ್ ಜೈಗಾಂಟಿಯಾ. ಮೊಗ್ಗು ದುಂಡಗಿದ್ದು, ಎಸಳು ನೆಟ್ಟಗೆ ನಿಂತು, ತುದಿ ನೇರಳೆ ಇದ್ದರೆ ಪ್ರೊಸೆರಾ. ಪೂಜೆಗೆ ಹುಡುಕುವ ಬಿಳಿ ಎಕ್ಕ ಬೇರೆ ಜಾತಿ ಅಲ್ಲ, ಜೈಗಾಂಟಿಯಾದ್ದೇ ಇನ್ನೊಂದು ಬಣ್ಣ.

ಒಂದು ಹೂವನ್ನು ಹತ್ತಿರದಿಂದ ನೋಡಿ. ನಡುವೆ ಐದು ಏಣಿನ ಕಿರೀಟ. ಇದರ ಪರಾಗ ಹುಡಿಯಾಗಿ ಉದುರುವುದಿಲ್ಲ. ಪುಟ್ಟ ಪುಟ್ಟ ಚೀಲಗಳಾಗಿ, ಜೋಡಿ ಜೋಡಿಯಾಗಿ ಅಂಟಿಕೊಂಡಿರುತ್ತದೆ. ಮರ ಕೊರೆದು ಗೂಡು ಮಾಡುವ ದೊಡ್ಡ ಕರಿ ದುಂಬಿ ಮಕರಂದಕ್ಕೆ ಬಂದಾಗ ಆ ಜೋಡಿ ಚೀಲ ಅದಕ್ಕೆ ಸಿಕ್ಕಿಕೊಂಡು ಇನ್ನೊಂದು ಹೂವಿಗೆ ಹೋಗಬೇಕು. ಅಲ್ಲಿ ಸರಿಯಾದ ಸಂದಿಯಲ್ಲೇ ಕೂರಬೇಕು. ಗಿಡದ ತುಂಬ ಹೂವಿದ್ದರೂ ಕಾಯಿ ಅಲ್ಲೊಂದು ಇಲ್ಲೊಂದು ಕಾಣುವುದು ಅದಕ್ಕೇ.

ಇನ್ನು ಚಿಟ್ಟೆಯ ವಿಷಯ. ಕೇಸರಿ ರೆಕ್ಕೆ, ಕಪ್ಪು ಅಂಚು, ಬಿಳಿ ಚುಕ್ಕೆ ಇರುವ ಪ್ಲೇನ್ ಟೈಗರ್ ಚಿಟ್ಟೆಯನ್ನು ನೀವು ಖಂಡಿತ ನೋಡಿರುತ್ತೀರಿ. ಅದು ಎಕ್ಕದ ಎಲೆಯ ಮೇಲೆ ಒಂದೊಂದೇ ಮೊಟ್ಟೆ ಇಡುತ್ತದೆ. ಹುಳುವಿನ ಮೈಮೇಲೆ ಕಪ್ಪು, ಬಿಳಿ, ಹಳದಿ ಪಟ್ಟೆ, ಕೊಂಬಿನ ಹಾಗೆ ಮೂರು ಜೋಡಿ ಕರಿ ಎಳೆ. ಎಳೆಯ ಹುಳು ಎಲೆಯಲ್ಲಿ ಸುತ್ತಲೂ ಕಡಿದು ಹಾಲು ಹರಿಯುವುದನ್ನು ತಡೆದು, ಆಮೇಲೆ ಆ ಸುತ್ತಿನ ಒಳಗೆ ತಿನ್ನುತ್ತದೆ. ಎಷ್ಟು ಬುದ್ಧಿ ಅಲ್ವಾ? ಎಕ್ಕದ ವಿಷ ಅದರ ಮೈಗೆ ಸೇರಿ ಚಿಟ್ಟೆಯಾದ ಮೇಲೂ ಉಳಿಯುತ್ತದೆ, ಹಾಗಾಗಿ ಒಮ್ಮೆ ರುಚಿ ನೋಡಿದ ಹಕ್ಕಿ ಮತ್ತೆ ತಂಟೆಗೆ ಬರುವುದಿಲ್ಲ. ಅಮೆರಿಕದ ಮೊನಾರ್ಕ್ ಚಿಟ್ಟೆ ಇದರ ಹತ್ತಿರದ ಸಂಬಂಧಿ. ಅಲ್ಲಿ ಹೊಲಗಳಿಂದ ಅದರ ಹುಳು ತಿನ್ನುವ, ಎಕ್ಕದ್ದೇ ಬಳಗದ ಮಿಲ್ಕ್‌ವೀಡ್ ಗಿಡ ಕಣ್ಮರೆಯಾಗುತ್ತಿದೆ ಅಂತ ಜನ ಮನೆಮನೆಯಲ್ಲಿ ಅದನ್ನು ನೆಡುತ್ತಿದ್ದಾರೆ. ನಮ್ಮ ನರ್ಸರಿಗಳಲ್ಲಿ ಚಿಟ್ಟೆ ಗಿಡ ಅಂತ ಸಿಗುವ ಕೆಂಪು-ಹಳದಿ ಹೂವಿನ ಮಿಲ್ಕ್‌ವೀಡ್ ಕೂಡ ಅಮೆರಿಕ ಖಂಡದ್ದೇ. ನೋಡಲು ಚೆಂದ, ಹುಳುಗಳೂ ತಿನ್ನುತ್ತವೆ, ನಿಜ. ಆದರೆ ದುಡ್ಡು ಕೊಟ್ಟು ಹೊರಗಿನ ಗಿಡ ತಂದು, ರಸ್ತೆ ಬದಿಯ ಎಕ್ಕವನ್ನು ಕಡಿಯುವುದು ನನಗೆ ಸರಿ ಕಾಣುವುದಿಲ್ಲ.

ಬೆಳೆಸುವುದು ಸುಲಭ. ಬಲಿತು ಬಿರಿಯುವ ಹಂತದ ಕಾಯಿ ತಂದು, ರೇಷ್ಮೆಯಂಥ ಹತ್ತಿ ಬಿಡಿಸಿ, ಕಂದು ಬೀಜವನ್ನು ಮರಳು ಬೆರೆಸಿದ ಮಣ್ಣಿನಲ್ಲಿ ತೆಳ್ಳಗೆ ಮುಚ್ಚಿ. ಬಿಳಿ ಎಕ್ಕವೇ ಬೇಕು ಅಂದರೆ ಬೀಜ ನಂಬಬೇಡಿ, ಹೂವು ಯಾವ ಬಣ್ಣಕ್ಕೆ ತಿರುಗುತ್ತದೋ ಹೇಳಲಾಗದು. ಬಿಳಿ ಗಿಡದಿಂದಲೇ ಬಲಿತ ಕಡ್ಡಿ ಕತ್ತರಿಸಿ, ಹಾಲು ಒಣಗುವ ತನಕ ನೆರಳಲ್ಲಿಟ್ಟು ನೆಡಿ. ಬೇರು ಆಳಕ್ಕೆ ಇಳಿಯುವುದರಿಂದ ದೊಡ್ಡ ಗಿಡ ಕಿತ್ತು ನೆಟ್ಟರೆ ಬದುಕುವುದು ಕಷ್ಟ. ಗೊಬ್ಬರ ಬೇಕಿಲ್ಲ. ನೀರು ನಿಂತರೆ ಮಾತ್ರ ಬೇರು ಕೊಳೆಯುತ್ತದೆ.

ಒಂದು ಎಚ್ಚರಿಕೆ, ಇದನ್ನು ಮರೆಯಬೇಡಿ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಕಣ್ಣಿನ ಪಾರದರ್ಶಕ ಪದರಕ್ಕೇ ಪೆಟ್ಟು. ಮೊದಲಿಗೆ ನೋವು ಕಾಣದೆಯೂ ಇರಬಹುದು. ನೋವಿಲ್ಲ ಅಂತ ಸುಮ್ನೆ ಕೂರಬೇಡಿ, ತುಂಬ ನೀರಿನಲ್ಲಿ ತೊಳೆದು ತಕ್ಷಣ ಕಣ್ಣಿನ ವೈದ್ಯರ ಹತ್ತಿರ ಹೋಗಿ. ಕೊಂಬೆ ಕತ್ತರಿಸುವಾಗ ಕೈಗವಸು, ಕನ್ನಡಕ ಇರಲಿ. ಪುಟ್ಟ ಮಕ್ಕಳಿರುವ ಮನೆಯಲ್ಲಿ ಆಟದ ಜಾಗದಿಂದ ದೂರ ನೆಡಿ.

ಚಿಗುರಿಗೆ ಹಳದಿ ಹೇನು ಮುತ್ತಿದರೆ ಔಷಧಿ ಹೊಡೆಯಬೇಡಿ, ಚಿಟ್ಟೆಯ ಹುಳುವೂ ಸಾಯುತ್ತದೆ. ಹೇನು ಜಾಸ್ತಿ ಇರುವ ಚಿಗುರನ್ನು ಮೊಟ್ಟೆ, ಹುಳು ಇಲ್ಲ ಅಂತ ನೋಡಿಕೊಂಡು ಚಿವುಟಿ ಹಾಕಿ, ಉಳಿದದ್ದನ್ನು ಗುಲಗಂಜಿ ಹುಳು ತಿಂದುಕೊಳ್ಳುತ್ತದೆ. ಹುಳುಗಳು ಎಲೆ ಖಾಲಿ ಮಾಡಿದರೂ ಗಾಬರಿ ಬೇಡ, ಬೇರೂರಿದ ಗಿಡ ಮತ್ತೆ ಚಿಗುರುತ್ತದೆ.

ನಮಸ್ಕಾರ.