ಗುಂಡಿಗೆ ಬೆಲೆ ಕಟ್ಟಿದರು, ಧೂಳಿಗೆ?

ಕೇಳುಗರಿಗೆ ನಮಸ್ಕಾರ.

ಸಂಡೂರಿನ ಕಡೆ ಒಂದು ರಸ್ತೆ ಬದಿಯ ಮನೆ. ಅಂಗಳದಲ್ಲಿ ತಾಯಿಯೊಬ್ಬರು ನೀರಿನ ಕೊಡದ ಬಾಯಿಗೆ ಬಿಳಿ ಬಟ್ಟೆ ಕಟ್ಟುತ್ತಿದ್ದರು. ಬೆಳಿಗ್ಗೆ ಒಗೆದ ಬಟ್ಟೆ. ಸಂಜೆಗೆ ಅದು ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. "ದಿನಾ ಹಿಂಗ ಐತ್ರಿ" ಅಂದರು. ಮನೆ ಮುಂದೆ ಕಬ್ಬಿಣದ ಅದಿರಿನ ಲಾರಿಗಳು ಒಂದರ ಹಿಂದೊಂದು ಹೋಗುತ್ತಲೇ ಇದ್ದವು.

ಇಪ್ಪತ್ತು ವರ್ಷದ ಹಿಂದೆ ಚೀನಾದಿಂದ ಬೇಡಿಕೆ ಬಂದು ಅದಿರಿನ ಬೆಲೆ ಒಮ್ಮೆಲೇ ಏರಿತು. ಆಗ ಬಳ್ಳಾರಿ, ಹೊಸಪೇಟೆ, ಸಂಡೂರಿನ ಸುತ್ತ ಗುಡ್ಡಗಳಷ್ಟೇ ಅಲ್ಲ, ಜೋಳ, ಶೇಂಗಾ ಬೆಳೆಯುತ್ತಿದ್ದ ಹೊಲಗಳನ್ನೂ ಅಗೆದರು. ಹೆಂಗಸರು, ಮಕ್ಕಳು ಸುತ್ತಿಗೆ ಹಿಡಿದು ಬಿಸಿಲಲ್ಲಿ ಕಲ್ಲು ಒಡೆದರು. ಬೆಲೆ ಇಳಿದಾಗ ಅಗೆಸಿದವರು ಎದ್ದು ಹೋದರು. ಗುಂಡಿ ರೈತನ ಪಾಲಿಗೆ ಉಳಿಯಿತು. ಮೇಲ್ಮಣ್ಣು ಹೋದ ಹೊಲದಲ್ಲಿ ಏನು ಬಿತ್ತೋದು, ಹೇಳಿ?

2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರು ಅಕ್ರಮ ಗಣಿಗಾರಿಕೆ ಬಗ್ಗೆ ವರದಿ ಕೊಟ್ಟರು. ಬೊಕ್ಕಸಕ್ಕೆ ಆದ ನಷ್ಟ 16,085 ಕೋಟಿ ರೂಪಾಯಿ ಅಂತ ಅದರಲ್ಲಿತ್ತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಆಮೇಲೆ ಒಂದು ದೊಡ್ಡ ಕೆಲಸ ಮಾಡಿತು. ಗಣಿ ಗುತ್ತಿಗೆಯ ಗಡಿ ದಾಟಿ ಅಗೆದ ಗುಂಡಿಗೆ ಹೆಕ್ಟೇರಿಗೆ 5 ಕೋಟಿ, ಗಡಿಯಾಚೆ ಮಣ್ಣು ಸುರಿದ ಜಾಗಕ್ಕೆ 1 ಕೋಟಿ ಕಟ್ಟಿ ಅಂದಿತು. ನೆಲ ಹಾಳು ಮಾಡಿದವರೇ ದುಡ್ಡು ಕೊಡಬೇಕು ಅನ್ನೋ ಮಾತಿಗೆ ಅವತ್ತು ಬಲ ಬಂತು. ನನಗೆ ಇವತ್ತಿಗೂ ಆ ಆದೇಶದ ಮೇಲೆ ಗೌರವ ಇದೆ.

ಆದರೆ ಇವೆಲ್ಲ ಬೊಕ್ಕಸದ ಲೆಕ್ಕ, ಗುಂಡಿಯ ಲೆಕ್ಕ. ಆ ತಾಯಿ ದಿನಾ ನುಂಗೋ ಧೂಳಿಗೆ ಯಾರೂ ಬೆಲೆ ಕಟ್ಟಿಲ್ಲ.

ಕಂಪನಿಗಳು ಶಾಲೆಗೆ ಬಣ್ಣ ಹೊಡೆಸುತ್ತವೆ, ಬಸ್ ನಿಲ್ದಾಣ ಕಟ್ಟಿಸಿ ಹೆಸರಿನ ಬೋರ್ಡ್ ಹಾಕುತ್ತವೆ. ಸಂತೋಷ. ಅದನ್ನೇ ಊರಿಗೆ ಮಾಡಿದ ಉಪಕಾರ ಅಂದರೆ ನಾನು ಒಪ್ಪೋದಿಲ್ಲ. ಲಾರಿಗೆ ಟಾರ್ಪಾಲು ಹೊದಿಸೋದು, ರಸ್ತೆಗೆ ನೀರು ಹೊಡೆಯೋದು, ಅದಿರನ್ನು ಮುಚ್ಚಿದ ಕನ್ವೇಯರ್ ಬೆಲ್ಟಿನಲ್ಲಿ ಸಾಗಿಸೋದು, ಪ್ರತಿ ವರ್ಷ ಊರವರ ಶ್ವಾಸಕೋಶ ಪರೀಕ್ಷೆ ಮಾಡಿಸೋದು, ಇವೆಲ್ಲ ಅದಿರು ತೆಗೆಯೋ ಖರ್ಚಿನಲ್ಲೇ ಸೇರಬೇಕು. ಡೀಸೆಲ್ ಖರ್ಚು ಬರೆಯೋ ಪುಸ್ತಕದಲ್ಲೇ ಇದನ್ನೂ ಬರೆಯಬೇಕು.

ಹಣ ಇಲ್ಲ ಅಂತ ಹೇಳೋ ಹಾಗೂ ಇಲ್ಲ. ಅದಿರು ಮಾರಿದ ದುಡ್ಡಿನಲ್ಲಿ ಒಂದು ಪಾಲು ಗಣಿಯಿಂದ ಹಾಳಾದ ಪ್ರದೇಶದ ಪುನಶ್ಚೇತನಕ್ಕೆ ಅಂತಲೇ ಸೇರಿದೆ. ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆಯೂ ಆಗಿದೆ. ಅದರ ಜೊತೆಗೆ 2015ರ ಕಾನೂನಿನಂತೆ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಬೇರೆ ಇದೆ. ಗಣಿಯಿಂದ ತೊಂದರೆಯಾದವರಿಗೆ ಅಂತಲೇ ಇಟ್ಟ ಹಣ ಅದು.

ಗಣಿ ಸುತ್ತಲಿನ ಊರಿನವರು ಯಾರಾದರೂ ಇದನ್ನು ಕೇಳುತ್ತಿದ್ದರೆ, ಮುಂದಿನ ಗ್ರಾಮಸಭೆಗೆ ತಪ್ಪದೆ ಹೋಗಿ. ನಮ್ಮೂರಿಗೆ ಎಷ್ಟು ಬಂತು, ಎಲ್ಲಿ ಖರ್ಚಾಯಿತು ಅಂತ ಎದ್ದು ನಿಂತು ಕೇಳಿ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿಕೊಂಡೇ ಮನೆಗೆ ಬನ್ನಿ.

ನಮಸ್ಕಾರ.