29 ಅಡಿ ಅಂದ್ರ ಖರೇನ 29 ಅಡೀನಾ? ಕಲಬುರಗಿ ತೋಪು, ಮೇಲ್ಮಿತಿ, ಕೆಳಮಿತಿ

[ದೃಶ್ಯ: ಕಲಬುರಗಿ ಕೋಟೆ. ತೋಪಿನ ಬಾಯಿಯಿಂದ ಹಿಂದಿನ ತುದಿತನಕ ಕ್ಯಾಮೆರಾ ನಿಧಾನಕ್ಕ ಸರೀತದ]

ನಮಸ್ಕಾರ್ರಿ ಎಲ್ಲಾರಿಗೂ. ನಮ್ಮ ಕೋಟೆಯೊಳಗಿರೋ ಈ ತೋಪಿಗೆ ಬಾರಾ ಗಜೀ ತೋಪು ಅಂತಾರ. ಬಾರಾ ಅಂದ್ರ ಹನ್ನೆರಡು. ಹನ್ನೆರಡು ಗಜದ ತೋಪು. ಉದ್ದ ಎಷ್ಟು ಅಂತ ಕೇಳಿದ್ರ ಎಲ್ಲಾರೂ 29 ಅಡಿ ಅಂತ ಹೇಳ್ತಾರ. ಈಗ ಬಟ್ಟಿ ಅಂಗಡಿ ಗಜ ಹಿಡೀರಿ. ಒಂದು ಗಜಕ್ಕ 3 ಅಡಿ, ಹನ್ನೆರಡು ಗಜಕ್ಕ 36 ಅಡಿ. ಹಂಗಿದ್ರ ಉಳಿದ ಏಳು ಅಡಿ ಎಲ್ಲಿ ಹೋಯ್ತು?

ಈ ಪ್ರಶ್ನೆ ನನ್ನ ತಲ್ಯಾಗ ಭಾಳ ದಿನದಿಂದ ಇತ್ತು. ಮೊನ್ನೆ ಹತ್ತನೇ ತರಗತಿ ಹುಡುಗಿ ಒಬ್ಬಳು ಬರೆದು ಕೇಳಿದ್ಲು: "ಸರ್, 29.5 ರೌಂಡ್ ಮಾಡಿದ್ರ 30 ಆಗ್ತದ. ಮತ್ತ 29ರ ಮೇಲ್ಮಿತಿ 29.5 ಹ್ಯಾಂಗ ಆಗ್ತದ? 29.4 ಆಗ್ಬೇಕಲ್ರಿ?" ಆಕಿ ಪ್ರಶ್ನೆಗೆ ಉತ್ತರ ಹುಡುಕ್ತಾ ಹೋದ್ರ ತೋಪಿನ ಪ್ರಶ್ನೆಗೂ ದಾರಿ ಸಿಕ್ತು.

ಮೊದಲಿನ ಮಾತು ಲಗೂನ ಮುಗಿಸ್ತೀನಿ. ಹತ್ತಿರದ ಅಡಿಗೆ ಅಳದು 29 ಅಂದ್ರ, ನಿಜವಾದ ಉದ್ದ ಆ ಕಡಿಗೆ ಅರ್ಧ ಅಡಿ, ಈ ಕಡಿಗೆ ಅರ್ಧ ಅಡಿ ಒಳಗ ಎಲ್ಲ್ಯಾದ್ರೂ ಇರಬಹುದು. 28.5 ಕೆಳಮಿತಿ, 29.5 ಮೇಲ್ಮಿತಿ. ಅಳತಿಯ ಮಾನ ಏನದ ಅದರ ಅರ್ಧ ತಗೊಳ್ರಿ, ಕಳೀರಿ, ಕೂಡಿಸ್ರಿ. ಇಷ್ಟೇ.

ಈಗ ಆ 29.4ರ ವಿಷಯ. ಇದನ್ನ ನಾನು ಹೊಲದಾಗ ನಿಂತು ಹೇಳ್ತೀನಿ.

[ದೃಶ್ಯ: ತೊಗರಿ ಹೊಲ, ಬದುವಿನ ಮ್ಯಾಲ ಬಾಂದುಕಲ್ಲು]

ಹೊಲದ ಮೂಲ್ಯಾಗ ಈ ಬಾಂದುಕಲ್ಲು ನೋಡ್ರಿ. ಬಿತ್ತೋವಾಗ ಕೂರಿಗಿ ಈ ಕಲ್ಲಿನ ಕಡಿಗೇ ಬರ್ತದ. ಇನ್ನೊಂದು ಗೇಣು ಮುಂದ ಹೋಗಬಹುದು. ಆಮ್ಯಾಲ ಇನ್ನೊಂದು ಬೆರಳು. ಆಮ್ಯಾಲ ಕೂದಲೆಳಿಯಷ್ಟು. ಕಲ್ಲಿನ ಮ್ಯಾಲ ಮಾತ್ರ ಯಾರೂ ಬಿತ್ತಂಗಿಲ್ಲ. ಆದ್ರ "ನಿಮ್ಮ ಹೊಲ ಎಲ್ಲಿತನಕ ಅದ?" ಅಂತ ಕೇಳಿದ್ರ, "ಕಲ್ಲಿಗಿಂತ ಒಂದು ಗೇಣು ಈಚಿಗೆ" ಅಂತ ಯಾವ ರೈತನಾದ್ರೂ ಹೇಳ್ತಾನೇನ್ರಿ? "ಆ ಕಲ್ಲಿನತನಕ" ಅಂತಾನ. 29.5 ಅಂದ್ರ ಆ ಕಲ್ಲು. ಅದು 29ರ ಹೊಲದಾಗ ಇಲ್ಲ, ಆದ್ರ ಹೊಲ ಮುಗಿಯೋದು ಅಲ್ಲೇ.

ಮೇಲ್ಮಿತಿ 29.4 ಅಂತ ಬರದ್ರ 29.45 ಅಡಿ ಉದ್ದದ ತೋಪಿಗೆ ಜಾಗ ಇಲ್ಲ. ಅದನ್ನ ರೌಂಡ್ ಮಾಡಿದ್ರೂ 29ಏ ಬರ್ತದಲ್ರಿ! ಹೋಗ್ಲಿ, 29.49 ಅಂತೀರಾ? 29.495 ಹೊರಗ ಉಳೀತದ. 29.499 ಅಂತೀರಾ? ಎಷ್ಟು ಒಂಬತ್ತು ಬರದು ನಿಲ್ಲಿಸಿದ್ರೂ, ನಿಮ್ಮದೇ ಹೊಲದ ಒಂದು ಪಟ್ಟಿ ಭೂಮಿ ಬಿಟ್ಟುಕೊಟ್ಟಂಗ. ಒಂಬತ್ತು ಬರೆಯೋದನ್ನ ಎಂದೂ ನಿಲ್ಲಿಸಲಿಲ್ಲ ಅಂದ್ರ? ಕೊನೆ ಇಲ್ಲದ 29.4999… ಅನ್ನೋ ಸಂಖ್ಯೆ 29.5ಕ್ಕ ಸಮ. ಅದು ಕಲ್ಲೇ.

ಅದಕ್ಕಂತ ಬರೆಯೋದು ಹಿಂಗ: 28.5 ≤ ಉದ್ದ < 29.5. ಎಡಗಡಿ ಸಮ ಚಿಹ್ನೆ ಅದ, ಯಾಕಂದ್ರ 28.5 ರೌಂಡ್ ಮಾಡಿದ್ರ 29 ಬರ್ತದ. ಬಲಗಡಿ ಇಲ್ಲ. ಆ ಒಂದು ಗೆರಿ ಎಲ್ಲಿ ಅದ, ಎಲ್ಲಿ ಇಲ್ಲ ಅನ್ನೋದು ನನಗ ಗಣಿತದಾಗ ಭಾಳ ಸೇರೋ ಜಾಗ.

ನಮ್ಮ ಹತ್ತನೇ ತರಗತಿ ಸಂಖ್ಯಾಶಾಸ್ತ್ರದಾಗ 40 ಎಲೆಗಳ ಉದ್ದದ ಲೆಕ್ಕ ಅದ, ನೆನಪದಾ? 118–126, 127–135 ಅಂತ ವರ್ಗಾಂತರ. ಮಧ್ಯಾಂಕ ತೆಗೆಯೋಕ್ಕಿಂತ ಮೊದಲು ಅದನ್ನ 117.5–126.5 ಮಾಡ್ತೀವಿ. ಯಾಕ? ಎಲೆ ಅಳದದ್ದು ಹತ್ತಿರದ ಮಿಲಿಮೀಟರಿಗೆ. ಆ 126.5 ಇದೇ ಬಾಂದುಕಲ್ಲು. "0.5 ಕಳೀರಿ, ಕೂಡಿಸ್ರಿ" ಅಂತಷ್ಟೇ ಹೇಳಿ ಮುಂದ ಹೋಗೋದು ಮಕ್ಕಳಿಗೆ ಮಾಡೋ ಅನ್ಯಾಯ ಅಂತ ನನ್ನ ಅಭಿಪ್ರಾಯ.

ಈಗ ತೋಪಿಗೆ ಬರೋಣ. 29 ಹತ್ತಿರದ ಅಡಿಗೆ ಅಳದದ್ದು, 12 ಹತ್ತಿರದ ಗಜಕ್ಕ ಎಣಿಸಿದ್ದು ಅಂತ ಹಿಡೀಣ. 28.5, 29.5 ಅಡಿನ್ನ ಇಂಚಿಗೆ ತಿರುಗಿಸಿದ್ರ ಉದ್ದ 342ರಿಂದ 354 ಇಂಚು. ಗಜದ ಎಣಿಕಿ 11.5ರಿಂದ 12.5. ಹಂಗಿದ್ರ ಆ ಒಂದು ಗಜ ಎಷ್ಟು ಇಂಚಿಂದು?

ಭಾಗಾಕಾರದಾಗ ಇಲ್ಲೇ ಎಲ್ಲಾರೂ ತಪ್ಪೋದು. ಅತಿ ಸಣ್ಣ ಗಜ ಬೇಕಂದ್ರ ಸಣ್ಣ ಉದ್ದನ್ನ ದೊಡ್ಡ ಎಣಿಕಿಯಿಂದ ಭಾಗಿಸ್ಬೇಕು. ರೊಟ್ಟಿ ಸಣ್ಣದು, ಉಣ್ಣೋರು ಜಾಸ್ತಿ ಇದ್ದಾಗಲ್ರಿ ತುಂಡು ಸಣ್ಣದಾಗೋದು? 342 ÷ 12.5 = 27.36 ಇಂಚು. ಅತಿ ದೊಡ್ಡ ಗಜಕ್ಕ ಉಲ್ಟಾ: 354 ÷ 11.5, ಸುಮಾರು 30.78 ಇಂಚು.

[ಪರದೆ ಮ್ಯಾಲ: 27.36 ರಿಂದ 30.78]

ನೋಡ್ರಿ, ಈಗಿನ 36 ಇಂಚಿನ ಗಜ ಇದರೊಳಗ ಇಲ್ಲ. ಅಕ್ಬರನ ಇಲಾಹಿ ಗಜಕ್ಕ ಬ್ರಿಟಿಷರು ಮುಂದ 33 ಇಂಚು ಅಂತ ಗೊತ್ತು ಮಾಡಿದ್ರು. ಅದೂ ಇದರೊಳಗ ಇಲ್ಲ. ಹಿಂದ ಗಜ ಊರಿಗೊಂದು, ಕಾಲಕ್ಕೊಂದು ಇತ್ತು. ಏಳು ಅಡಿ ಎಲ್ಲೂ ಕಳದಿಲ್ಲ. ನಾವು ಹಿಡಿದ ಎರಡೂ ಅಳತಿ ಖರೇ ಇದ್ರ, ತೋಪಿಗೆ ಹೆಸರಿಟ್ಟವರ ಗಜಾನೇ ಗಿಡ್ಡ ಇತ್ತು. 29 ಅನ್ನೋ ಒಂದೇ ಸಂಖ್ಯೆ ಇಟ್ಟುಕೊಂಡು ಇಷ್ಟು ಧೈರ್ಯದಿಂದ ಹೇಳ್ಲಾಕ ಆಗ್ತಿರಲಿಲ್ಲ. ಎರಡು ಮಿತಿ ಇದ್ದದ್ದಕ್ಕ ಆಯ್ತು.

ಟೈಮ್ ಆಗ್ಲಾಕತ್ತದ, ಉಳಿದದ್ದು ಲಗೂ ಲಗೂ. ಗುಣಾಕಾರಕ್ಕ ಭಾಗಾಕಾರದಂಗ ಅಡ್ಡ ಹಾಯೋ, ಅಂದ್ರ ಒಂದರ ಸಣ್ಣದಕ್ಕ ಇನ್ನೊಂದರ ದೊಡ್ಡದು ಜೋಡಿಸೋ ತ್ರಾಸ ಇಲ್ಲ. 30×40 ಪ್ಲಾಟ್ ಹತ್ತಿರದ ಅಡಿಗೆ ಅಳದಿದ್ರ 29.5 × 39.5 = 1165.25 ಚದರ ಅಡಿಯಿಂದ 30.5 × 40.5 = 1235.25ತನಕ. 70 ಚದರ ಅಡಿ ಫರಕು, ಒಂದು ಸಣ್ಣ ಅಡಿಗಿಮನಿ! ವ್ಯವಕಲನ ಮತ್ತ ಅಡ್ಡ. ತೊಗರಿ ಗಾಡಿ ಕಾಟಾದ ಮ್ಯಾಲ ಲೋಡ್ ಸಮೇತ 9240, ಖಾಲಿ 3180 ಕಿಲೋ, ಎರಡೂ ಹತ್ತಿರದ 10 ಕಿಲೋಕ್ಕ. ಹೆಚ್ಚಂದ್ರ 9245 − 3175 = 6070, ಕಡಿಮಿ ಅಂದ್ರ 9235 − 3185 = 6050. ನಡುವಿನ 20 ಕಿಲೋ ತೊಗರಿ, 2025–26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 8000 ಹಿಡಿದ್ರ, 1600 ರೂಪಾಯಿ. ವಯಸ್ಸಿಗೆ ಈ ಅರ್ಧದ ನಿಯಮ ಹಚ್ಚಬ್ಯಾಡ್ರಿ. 15 ವರ್ಷ ಅಂದ್ರ 15 ತುಂಬಿದ ದಿನದಿಂದ 16ರ ಹಿಂದಿನ ದಿನತನಕ.

ಕೊನೆಗೆ ಒಂದು. ನಾಳೆ ಟೇಪ್ ಹಿಡಕೊಂಡು ಹೋಗಿ ತೋಪನ್ನ ಹತ್ತಿರದ ಇಂಚಿಗೆ ಅಳದ್ರಿ, ಸರಿಯಾಗಿ 348 ಬಂತು ಅಂತ ಹಿಡೀರಿ. ಗಜ ಪಕ್ಕಾ ಗೊತ್ತಾಗ್ತದೇನು? 347.5 ÷ 12.5 = 27.8. 348.5 ÷ 11.5 ಅಂದ್ರ ಸುಮಾರು 30.3. ಟೇಪ್ ಹನ್ನೆರಡು ಪಟ್ಟು ಸೂಕ್ಷ್ಮ ಆದ್ರೂ ಎರಡು ಮಿತಿ ನಡುವಿನ ಅಂತರ ಮೂರೂವರಿ ಇಂಚಿಂದ ಎರಡೂವರಿಗೆ ಬಂತು, ಅಷ್ಟೇ. ಉಳಿದ ಗೊಂದಲ ಎಲ್ಲಾ ಹೆಸರಿನೊಳಗಿನ ಆ "ಬಾರಾ"ದಾಗ ಕುಂತದ.