ಸ್ಟಿಫ್ ರಾಕೆಟ್ ಯಾರ ಕೈಗೆ?

ಎಲ್ಲರಿಗೂ ನಮಸ್ಕಾರ. ಮಳೆಗಾಲ ಶುರುವಾಯಿತೆಂದರೆ ಕೊಡಗಿನ ಹಾಕಿ ಮೈದಾನಗಳು ಕೆಸರಾಗುತ್ತವೆ, ಶಟಲ್ ಕೋರ್ಟ್‌ಗಳು ತುಂಬುತ್ತವೆ. ಆಗ ನನಗೆ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಅಣ್ಣಾ, ಸ್ಟಿಫ್ ರಾಕೆಟ್ ತಗೊಂಡ್ರೆ ಸ್ಮ್ಯಾಷ್ ಜೋರಾಗುತ್ತಾ?" ಕೇಳುವವರಲ್ಲಿ ಹೆಚ್ಚಿನವರಿಗೆ ನನ್ನ ಉತ್ತರ: ಇಲ್ಲ.

ಹಿಡಿಗೂ ತಲೆಗೂ ನಡುವೆ ಇರುವ ತೆಳ್ಳಗಿನ ಕೋಲೇ ಶಾಫ್ಟ್. ಸುಮಾರು 7 ಮಿ.ಮೀ. ದಪ್ಪ, ಗ್ರಾಫೈಟ್‌ನದ್ದು. ಅದು ಸುಲಭಕ್ಕೆ ಬಾಗದಿದ್ದರೆ ಸ್ಟಿಫ್. ನೀವು ಬೀಸಿದಾಗ ಹಿಡಿ ಮೊದಲು ಹೊರಡುತ್ತದೆ, ತಲೆ ಹಿಂದೆ ಉಳಿಯುತ್ತದೆ. ಶಾಫ್ಟ್ ಬಾಗುತ್ತದೆ. ಶಟಲ್‌ಗೆ ಬಡಿಯುವ ಹೊತ್ತಿಗೆ ಅದು ನೆಟ್ಟಗಾಗುತ್ತಿದ್ದರೆ ಆ ಚಿಮ್ಮು ಕೂಡ ಹೊಡೆತಕ್ಕೆ ಸೇರುತ್ತದೆ. ಇಲ್ಲಿ ಇರುವುದೆಲ್ಲ ಟೈಮಿಂಗ್. ಕೈ ವೇಗವಾಗಿ ಬೀಸುವವರಿಗೆ ಮೆತ್ತನೆಯ ಶಾಫ್ಟ್ ಕೊಟ್ಟರೆ ತಲೆ ತಡವಾಗಿ ಬರುತ್ತದೆ, ಲೈನ್ ಮೇಲೆ ಇಡಬೇಕೆಂದ ಶಟಲ್ ಆಚೆ ಹೋಗುತ್ತದೆ. ನಿಧಾನದ ಕೈಗೆ ಸ್ಟಿಫ್ ಕೊಟ್ಟರೆ ಶಾಫ್ಟ್ ಬಾಗುವುದೇ ಇಲ್ಲ. ಅದು ಮಾಡಬೇಕಾದ ಕೆಲಸವೂ ನಿಮ್ಮ ಭುಜ, ಮೊಣಕೈ ಮೇಲೆ ಬೀಳುತ್ತದೆ.

ನಮ್ಮ ಕಡೆ ಇಲ್ಲೊಂದು ತೊಡಕಿದೆ. ನಮ್ಮಲ್ಲಿ ಅರ್ಧ ಜನ ಹಾಕಿ ಆಡಿ ಬಂದವರು. ಕೈಯಲ್ಲಿ ಬಲ ಇದೆ, ಹಾಗಾಗಿ ಸ್ಟಿಫ್ ತಡೆಯುತ್ತೇವೆ ಅಂದುಕೊಳ್ಳುತ್ತಾರೆ. ಆದರೆ ಶಟಲ್ ತೂಗುವುದು ಐದು ಗ್ರಾಂ ಆಸುಪಾಸು. ಅದಕ್ಕೆ ಬೇಕಿರುವುದು ಬಲಕ್ಕಿಂತ ಹೆಚ್ಚಾಗಿ ವೇಗ. ಆ ವೇಗ ಬರುವುದು ಮುಂಗೈ ತಿರುಗುವುದರಿಂದ, ಕೊನೇ ಗಳಿಗೆಯಲ್ಲಿ ಬೆರಳು ಬಿಗಿಯುವುದರಿಂದ. ನೋಡಲು ಸಣಕಲಾಗಿರುವ ಹುಡುಗಿಯ ಬೀಸು ಪೈಲ್ವಾನನ ಬೀಸಿಗಿಂತ ಚುರುಕಾಗಿರಬಹುದು. ಸ್ಟಿಫ್ ರಾಕೆಟ್ ಅವಳಿಗೆ ಹೊಂದುತ್ತದೆ, ಇವನಿಗೆ ಹೊಂದುವುದಿಲ್ಲ.

2023ರಲ್ಲಿ ನಮ್ಮ ಡಬಲ್ಸ್ ಆಟಗಾರ ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ ಜಪಾನ್‌ನಲ್ಲಿ ಗಂಟೆಗೆ 565 ಕಿ.ಮೀ. ವೇಗದ ಸ್ಮ್ಯಾಷ್ ಹೊಡೆದು ಗಿನ್ನೆಸ್ ದಾಖಲೆ ಮಾಡಿದರು. ಅವರ ಕೈಯಲ್ಲಿದ್ದದ್ದು ತುಂಬಾ ಸ್ಟಿಫ್ ರಾಕೆಟ್. ಅದೇ ಬೇಕು ಅಂತ ಆಮೇಲೆ ಎಷ್ಟು ಜನ ಅಂಗಡಿಗೆ ಓಡಿದರೋ! ಆ ವೇಗ ಇದ್ದದ್ದು ಸಾತ್ವಿಕ್ ತೋಳಿನಲ್ಲಿ. ರಾಕೆಟ್ ಅದನ್ನು ಹಾಳು ಮಾಡಲಿಲ್ಲ, ಅಷ್ಟೇ.

ಇನ್ನು ನೋವಿನ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಮೊಣಕೈಯ ಹೊರಬದಿ ನೋಯುತ್ತದೆ, ಟೀ ಲೋಟ ಎತ್ತಿದರೂ ಚುಳ್ ಅನ್ನುತ್ತದೆ ಅಂದರೆ ಅದು ಟೆನಿಸ್ ಎಲ್ಬೋ ಇರಬಹುದು. ಮಣಿಕಟ್ಟನ್ನು ಮೇಲಕ್ಕೆ ಎತ್ತುವ ಸ್ನಾಯುಗಳು ಆ ಎಲುಬಿಗೆ ಅಂಟಿಕೊಳ್ಳುವ ಜಾಗ ಅದು. ಹಗಲೆಲ್ಲ ತೋಟದಲ್ಲಿ ಕತ್ತಿ ಹಿಡಿದು ಕಳೆ ಕೊಚ್ಚಿ ಸಂಜೆ ಕೋರ್ಟ್‌ಗೆ ಬರುವವರಿಗೆ ಆ ಸ್ನಾಯು ಮೊದಲೇ ದಣಿದಿರುತ್ತದೆ. ಅದರ ಮೇಲೆ ಗಟ್ಟಿ ಶಾಫ್ಟ್, 28 ಪೌಂಡ್ ಬಿಗಿಯ ಗಟ್ (ರಾಕೆಟ್ ತಲೆಯ ತಂತಿ), ಜೊತೆಗೆ ತಡವಾದ ಬ್ಯಾಕ್‌ಹ್ಯಾಂಡ್. ಇನ್ನೇನಾಗುತ್ತದೆ ಹೇಳಿ?

ಆದರೆ ಎಲ್ಲ ತಪ್ಪನ್ನೂ ಶಾಫ್ಟ್ ಮೇಲೆ ಹಾಕಬೇಡಿ. ನಾನಾದರೆ ಮೊದಲು ಗಟ್ ನೋಡುತ್ತೇನೆ. ಬಿಗಿ ಜಾಸ್ತಿಯಾದಷ್ಟೂ ಶಟಲ್ ಚೆನ್ನಾಗಿ ಚಿಮ್ಮುವ ಜಾಗ ಕಿರಿದಾಗುತ್ತದೆ, ಪಕ್ಕಕ್ಕೆ ಬಿದ್ದ ಏಟಿನ ನಡುಕ ಸೀದಾ ಕೈಗೆ ಬರುತ್ತದೆ. ನಿಮ್ಮ ರಾಕೆಟ್ ಈಗಲೇ ಬೆಳಕಿಗೆ ಹಿಡಿದು ನೋಡಿ. ಗಟ್ ಸವೆದು ನಾರು ಎದ್ದಿರುವುದು ನಡುವಿನಲ್ಲಾ, ಫ್ರೇಮ್ ಅಂಚಿನ ಹತ್ತಿರವಾ? ಅಲ್ಲೊಂದು ಇಲ್ಲೊಂದು ಚದುರಿದ್ದರೆ ನೀವು 22 ಪೌಂಡ್ ದಾಟುವುದು ಬೇಡ, ಸ್ಟಿಫ್ ಆಸೆಯೂ ಸದ್ಯಕ್ಕೆ ಬೇಡ.

ಎರಡನೆಯದು ಹಿಡಿತ. ಕೈಲ್‌ಪೊಳ್ದ್ ಹಬ್ಬದ ದಿನ ತೆಂಗಿನಕಾಯಿಗೆ ಗುಂಡು ಹೊಡೆಯುವಾಗ ಕೋವಿಯನ್ನು ಹೆಗಲಿಗೆ ಒತ್ತಿ ಹಿಡಿಯದಿದ್ದರೆ ಪೆಟ್ಟು ಬೀಳುವುದು ನಮಗೇ ಅಲ್ವಾ? ರಾಕೆಟ್ ಅದಕ್ಕೆ ಉಲ್ಟಾ. ಬಿಗಿಯಾಗಿ ಹಿಡಿದಷ್ಟೂ ಪೆಟ್ಟು ಒಳಗೆ ಬರುತ್ತದೆ. ಸಡಿಲ ಹಿಡಿದು, ಹೊಡೆಯುವ ಕ್ಷಣಕ್ಕೆ ಮಾತ್ರ ಬಿಗಿಯಿರಿ. ಇಷ್ಟು ಮಾಡಿಯೂ ನೋವು ಹೋಗದಿದ್ದರೆ ಆಟ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ. ಎಣ್ಣೆ ತಿಕ್ಕಿಕೊಂಡು ಟೂರ್ನಮೆಂಟ್ ಆಡಬೇಡಿ.

ಆಟದ ಶೈಲಿ ನೋಡೋಣ. ಡಬಲ್ಸ್‌ನಲ್ಲಿ ನೆಟ್ ಹತ್ತಿರ ನಿಂತು ಡ್ರಿಬಲ್ ಮಾಡುವವರಿಗೆ (ಶಟಲನ್ನು ನೆಟ್ ಆಚೆಗೆ ಮೆಲ್ಲಗೆ ಇಳಿಸುವವರಿಗೆ), ನೆಟ್ ಮೇಲೆ ನೇರವಾಗಿ ಜೋರಾಗಿ ಬರುವ ಡ್ರೈವ್ ತಡೆಯುವವರಿಗೆ ಶಾಫ್ಟ್ ತಡಮಾಡದೆ ವಾಪಸ್ ಬರಬೇಕು. ತಲೆ ಹಗುರ, ಶಾಫ್ಟ್ ಸ್ವಲ್ಪ ಗಟ್ಟಿ ಇದ್ದರೆ ಅನುಕೂಲ. ಹಿಂದೆ ನಿಂತು ಹೊಡೆಯುವವರಿಗೆ ತಲೆ ಭಾರ ಸರಿ. ಕೊಡವ ಮನೆತನದ ಅಶ್ವಿನಿ ಪೊನ್ನಪ್ಪ ಹೆಸರಾದದ್ದೇ ಆ ಜೋರು ಸ್ಮ್ಯಾಷ್‌ಗೆ. ಜ್ವಾಲಾ ಗುಟ್ಟಾ ಜೊತೆ 2010ರಲ್ಲಿ ಕಾಮನ್‌ವೆಲ್ತ್ ಚಿನ್ನ, 2011ರಲ್ಲಿ ವಿಶ್ವ ಚಾಂಪಿಯನ್‌ಶಿಪ್ ಕಂಚು ಗೆದ್ದರು. ಸಿಂಗಲ್ಸ್‌ನಲ್ಲಿ ಉದ್ದ ಟಾಸ್ ಹಾಕಿ, ಅಂದರೆ ಶಟಲನ್ನು ಎತ್ತರಕ್ಕೆ ಹಿಂದಿನ ಲೈನ್ ಕಡೆ ಹೊಡೆದು, ಆಡುವ ಸಾಧಾರಣ ಆಟಗಾರರಿಗೆ ಮೀಡಿಯಂ ಶಾಫ್ಟ್ ಸಾಕು. ಹಿಂದಿನ ಲೈನ್‌ವರೆಗೆ ಸುಲಭವಾಗಿ ಮುಟ್ಟುತ್ತದೆ.

ಮಡಿಕೇರಿಯಲ್ಲಂತೂ ಇನ್ನೂ ಸುಲಭ. ನಾವಿರುವುದು ಸಮುದ್ರಮಟ್ಟದಿಂದ 1,100 ಮೀಟರಿಗಿಂತ ಎತ್ತರದಲ್ಲಿ. ಗಾಳಿ ತೆಳು, ಶಟಲ್ ದೂರ ಹೋಗುತ್ತದೆ. ಮಂಗಳೂರಿನಲ್ಲಿ ಲೈನ್ ಒಳಗೆ ಬೀಳುವ ಟಾಸ್ ಇಲ್ಲಿ ಔಟ್. ಅದಕ್ಕೇ ಗರಿಯ ಶಟಲ್ ಕೊಳ್ಳುವಾಗ ಡಬ್ಬಿ ಮೇಲಿನ ವೇಗದ ನಂಬರ್ ನೋಡಿ, 77ರ ಬದಲು ಅದಕ್ಕಿಂತ ನಿಧಾನದ 76 ತಗೊಳ್ಳಿ ಅನ್ನುವುದು. ಆಷಾಢದ ಚಳಿಯಲ್ಲಿ ಶಟಲ್ ಸ್ವಲ್ಪ ನಿಧಾನವಾಗುತ್ತದೆ, ಅದು ಬೇರೆ ಮಾತು.

ಅಂಗಡಿಯಲ್ಲಿ ರಾಕೆಟ್ ಮೇಲೆ ಮೀಡಿಯಂ, ಸ್ಟಿಫ್ ಅಂತ ಬರೆದಿದ್ದರೆ ಪೂರ್ತಿ ನಂಬಬೇಡಿ. ಎಲ್ಲ ಕಂಪನಿಗೂ ಒಂದೇ ಅಳತೆ ಅಂತ ಇಲ್ಲ. ಒಬ್ಬರ ಮೀಡಿಯಂ ಇನ್ನೊಬ್ಬರ ಸ್ಟಿಫ್. ಕೈಯಲ್ಲಿ ಬಗ್ಗಿಸಿ ನೋಡಿದರೂ ಅರ್ಧ ಮಾತ್ರ ಗೊತ್ತಾಗುತ್ತದೆ. ಆಡಿಯೇ ನೋಡಬೇಕು, ಅದೂ ಸುಸ್ತಾದ ಮೇಲೆ. ಮೊದಲ ಗೇಮ್‌ನಲ್ಲಿ ಯಾವ ರಾಕೆಟ್ ಆದರೂ ಚೆನ್ನಾಗಿಯೇ ಇರುತ್ತದೆ. ಮೂರನೇ ಗೇಮ್‌ನಲ್ಲಿ ಟಾಸ್ ಅರ್ಧಕ್ಕೇ ಬೀಳತೊಡಗಿದರೆ ಆ ಶಾಫ್ಟ್ ನಿಮ್ಮದಲ್ಲ.

ಈ ಮೇಜಿನ ಮೇಲೆ ಮೂರು ರಾಕೆಟ್ ಇಟ್ಟಿದ್ದೇನೆ. ತೂಕ ಮೂರರದ್ದೂ ಒಂದೇ, 4ಯು ಅಂದರೆ 80ರಿಂದ 85 ಗ್ರಾಂ ಒಳಗೆ, ಗಟ್ 22 ಪೌಂಡ್. ಶಾಫ್ಟ್ ಮಾತ್ರ ಬೇರೆ. ಹೆಸರು ಕಾಣದ ಹಾಗೆ ಟೇಪ್ ಸುತ್ತಿದ್ದೇನೆ. ಒಬ್ಬೊಬ್ಬರೇ ಬಂದು ಆಡಿ, ಯಾವುದು ಸ್ಟಿಫ್ ಅಂತ ಹೇಳಿ ನೋಡೋಣ.